ಅಂಟುವ ನೆಲ, ಕಡಿತವಾಗುವ ಕೂಲಿ: ಎಪಾಕ್ಸಿ ಕೆಟ್ಟರೆ ದುರಸ್ತಿ ಹೇಗೆ, ಹೊಣೆ ಯಾರದ್ದು?

ತಿಕೋಟಾ, ಬಬಲೇಶ್ವರ ಕಡೆಯ ತೋಟಗಳ ದ್ರಾಕ್ಷಿ ಶೆಡ್‌ಗಳಲ್ಲಿ ಒಣಗಿ, ತೊಳೆಸಿಕೊಂಡು, ಗ್ರೇಡ್ ಆಗಿ ಕೋಲ್ಡ್ ಸ್ಟೋರೇಜ್ ಸೇರುತ್ತೆ. ವಿಜಯಪುರ ಜಿಲ್ಲೆಯ ಒಣದ್ರಾಕ್ಷಿ ವ್ಯವಹಾರ ನಮಗೆಲ್ಲ ಗೊತ್ತು. ಆದರೆ ಅದು ನಿಂತಿರುವ ನೆಲದ ಬಗ್ಗೆ ನಾವು ಮಾತಾಡೋದಿಲ್ಲ. ಬರೀ ಕಾಂಕ್ರೀಟ್ ನೆಲ ನೀರು, ಸಕ್ಕರೆ ಅಂಶ ಎಲ್ಲವನ್ನೂ ಹೀರಿಕೊಳ್ಳುತ್ತೆ, ತೊಳೆದರೂ ಪೂರ್ತಿ ಶುಚಿಯಾಗಲ್ಲ. ಹಾಗಾಗಿ ಆಹಾರ ಘಟಕಗಳಲ್ಲಿ ಅದರ ಮೇಲೆ ಎಪಾಕ್ಸಿ ಲೇಪನ ಹಾಕ್ತಾರೆ. ಉಕ್ಕಿನ ನೀರಿನ ಪೈಪು, ಟ್ಯಾಂಕ್‌ಗಳಿಗೆ ತುಕ್ಕು ಹಿಡಿಯದಂತೆ ಹಚ್ಚೋದೂ ಇದೇ ಜಾತಿಯ ಲೇಪನ.

ಈಗ ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ಕೆಲಸ ಮುಗಿದು ನಾಲ್ಕು ದಿನವಾದರೂ ನೆಲಕ್ಕೆ ಚಪ್ಪಲಿ ಅಂಟ್ತಿದೆ. "ಹಾರ್ಡನರ್ ಕಡಿಮಿ ಬಿದ್ದೈತ್ರಿ" ಅಂತ ಒಬ್ಬರು. "ಇನ್ನೆರಡ ದಿನ ಬಿಡ್ರಿ, ಒಣಗತೈತಿ" ಅಂತ ಇನ್ನೊಬ್ಬರು. ಮಾಲೀಕರು ಬಿಲ್ ತಡೀತಾರೆ, ಗುತ್ತಿಗೆದಾರರು ಆ ನಷ್ಟವನ್ನ ಬಕೆಟ್ ಹಿಡಿದಿದ್ದ ಕೂಲಿಯವನ ಪಗಾರದಲ್ಲಿ ಮುರಿದುಕೊಳ್ತಾರೆ.

ಇದು ಒಣಗೋ ಬಣ್ಣ ಅಲ್ಲ

ಮೊದಲ ತಪ್ಪು ತಿಳಿವಳಿಕೆ ಇಲ್ಲೇ ಇದೆ. ಸಾಮಾನ್ಯ ಬಣ್ಣದಲ್ಲಿ ನೀರೋ ಥಿನ್ನರೋ ಆರಿಹೋಗಿ ಬಣ್ಣ ಉಳಿಯುತ್ತೆ. ಎಪಾಕ್ಸಿಯಲ್ಲಿ ರೆಸಿನ್ ಮತ್ತು ಹಾರ್ಡನರ್ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗಬೇಕು. ಹಾಲಿಗೆ ಹಾಕೋ ಹೆಪ್ಪಿನ ಲೆಕ್ಕ ಇಲ್ಲಿ ನಡೆಯಲ್ಲ. ಒಂದು ಚಮಚ ಹೆಪ್ಪು ಇಡೀ ಪಾತ್ರೆಯನ್ನೇ ಮೊಸರು ಮಾಡುತ್ತೆ. ಆದರೆ ಎಪಾಕ್ಸಿಯ ಹಾರ್ಡನರ್ ಅಳತೆಗೆ ತಕ್ಕಷ್ಟು ರೆಸಿನ್ ಜೊತೆ ಮಾತ್ರ ಕೂಡುತ್ತೆ. ಕಡಿಮೆ ಬಿದ್ದರೆ ರೆಸಿನ್ ಅಂಟಂಟಾಗಿ ಉಳಿಯುತ್ತೆ, ಹೆಚ್ಚು ಬಿದ್ದರೆ ಹಾರ್ಡನರ್ ಹೆಚ್ಚುವರಿಯಾಗಿ ಉಳಿದು ಲೇಪನವನ್ನೇ ದುರ್ಬಲ ಮಾಡುತ್ತೆ. ಫೈಬರ್ ಕೆಲಸ ಮಾಡಿದವರು ಪಾಲಿಯೆಸ್ಟರ್‌ಗೆ ನಾಲ್ಕು ಹನಿ ಜಾಸ್ತಿ ಬಿಟ್ಟು ಬೇಗ ಸೆಟ್ ಮಾಡ್ತಾರೆ. ಅದೇ ರೂಢಿ ಇಲ್ಲಿಗೆ ತಂದರೆ ನೆಲ ಕೆಡೋದು ಖಚಿತ.

ತೂಕದ ಅಳತೆಯನ್ನ ಲೀಟರ್ ಲೆಕ್ಕದಲ್ಲಿ ಹಾಕೋದು, ಅರ್ಧ ಡಬ್ಬಿಯನ್ನ ಕಣ್ಣಂದಾಜಿನಲ್ಲಿ ಬೆರೆಸೋದು, ಬಕೆಟ್ಟಿನ ಅಂಚಿಗೆ ಅಂಟಿದ ಬೆರೆಯದ ರೆಸಿನ್ ಕೆರೆದು ನೆಲಕ್ಕೆ ಸುರಿಯೋದು ಕೂಡ ಸಾಮಾನ್ಯ ತಪ್ಪುಗಳೇ. ಜೊತೆಗೆ ನಮ್ಮ ಬಿಸಿಲಿದೆ. ಶಾಖ ಸುಮಾರು 10 ಡಿಗ್ರಿ ಏರಿದರೆ ಬೆರೆಸಿದ ಮಾಲು ಬಳಕೆಗೆ ಸಿಗೋ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತೆ. ಏಪ್ರಿಲ್ ಮಧ್ಯಾಹ್ನ ವಿಜಯಪುರದಲ್ಲಿ ಪಾದರಸ 40 ಡಿಗ್ರಿಯ ಹತ್ತಿರ ಇರುವಾಗ ಕೆಲಸಗಾರರು ಗಡಿಬಿಡಿಯಲ್ಲಿ ಸರಿಯಾಗಿ ಕಲಸದೇ ಸುರಿದರೆ ಅಚ್ಚರಿ ಏನು?

ಕೆಟ್ಟದ್ದು ಏನು ಅಂತ ಮೊದಲು ನೋಡಿ

ಅಂಟೋದೆಲ್ಲ ಅಳತೆಯ ತಪ್ಪಲ್ಲ. ಉಗುರಿನಿಂದ ಗೀರಿ ನೋಡಿ. ಕೆಳಗೆ ಗಟ್ಟಿಯಿದ್ದು ಮೇಲೆ ಮಾತ್ರ ಮೇಣದಂಥ ಜಿಡ್ಡಿದ್ದರೆ ಅದು ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಜೊತೆ ಹಾರ್ಡನರ್ ಸೇರಿ ಆದ ಪದರ ಇರಬಹುದು. ಉಗುರುಬೆಚ್ಚಗಿನ ನೀರು, ಸೋಪಿನಿಂದ ಉಜ್ಜಿ ತೊಳೆದರೆ ಹೋಗುತ್ತೆ. ಉಗುರು ಒಳಗಿಳಿದರೆ, ಎಲ್ಲೋ ಒಂದೊಂದು ಕಡೆ ಮಾತ್ರ ಮೆತ್ತಗಿದ್ದರೆ, ಅಲ್ಲಿ ಬೆರಕೆ ಕೆಟ್ಟಿದೆ ಅಂತ ಅನುಮಾನಿಸಬೇಕು. ಅಳತೆ ತಪ್ಪಿದ್ದರೆ ಎಷ್ಟು ದಿನ ಕಾದರೂ ಅದು ಗಟ್ಟಿಯಾಗಲ್ಲ. ಮೇಲೆ ಬರೀ ಹಾರ್ಡನರ್ ಸವರಿದರೂ ಆಗಲ್ಲ. ಅದರ ಮೇಲೇ ಇನ್ನೊಂದು ಕೋಟ್ ಹೊಡೆದರೆ ಕೆಸರಿನ ಮೇಲೆ ಫರಸಿ ಹಾಸಿದಂತೆ.

ದುರಸ್ತಿಯ ದಾರಿ

ಮೆತ್ತಗಿನ ಜಾಗಗಳನ್ನ ಸೀಮೆಸುಣ್ಣದಿಂದ ಗುರುತಿಸಿ, ಮೊದಲು ಸ್ಕ್ರೇಪರ್‌ನಿಂದ ಕೆರೆದು ತೆಗೀಬೇಕು. ಅಂಟಿರುವಾಗಲೇ ಗ್ರೈಂಡರ್ ಇಟ್ಟರೆ ಅದರ ಡಿಸ್ಕ್ ಕಟ್ಟಿಕೊಳ್ಳುತ್ತೆ. ಉಳಿದ ಜಿಡ್ಡನ್ನ ಲೇಪನದ ಕಂಪನಿ ಹೇಳಿದ ಸಾಲ್ವೆಂಟ್‌ನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ಗಟ್ಟಿ ನೆಲ ಸಿಗೋವರೆಗೆ ಗ್ರೈಂಡ್ ಮಾಡಬೇಕು. ಸುತ್ತಲಿನ ಚೆನ್ನಾಗಿರುವ ಲೇಪನವನ್ನೂ ಕೆಲವು ಇಂಚು ಉಜ್ಜಿ ಹೊಳಪು ತೆಗೆದು, ಅಂಚು ಇಳಿಜಾರು ಮಾಡಿ, ಧೂಳನ್ನ ವ್ಯಾಕ್ಯೂಮ್‌ನಿಂದ ಎಳೀಬೇಕು. ಆಮೇಲೆ ಪೂರ್ತಿ ಕಿಟ್ ಮಾತ್ರ ಬಳಸಿ, ನಿಧಾನ ವೇಗದ ಮಿಕ್ಸರ್‌ನಲ್ಲಿ ಕಲಸಿ, ಇನ್ನೊಂದು ಸ್ವಚ್ಛ ಬಕೆಟ್‌ಗೆ ಸುರಿದು ಮತ್ತೊಮ್ಮೆ ಕಲಸಿ ಹಚ್ಚಬೇಕು. ನಡೆದಾಡೋಕೆ ಒಂದು ದಿನ ಸಾಕಾಗಬಹುದು. ಆದರೆ ಪೂರ್ತಿ ಬಲ ಬರೋಕೆ ಸಾಮಾನ್ಯವಾಗಿ 7 ದಿನ ಬೇಕು. ಸೀಸನ್ ಅವಸರದಲ್ಲಿ ಇದನ್ನೇ ಎಲ್ಲರೂ ನುಂಗಿಹಾಕೋದು.

ಕೆರೆಯೋ ಕೈ ಯಾರದ್ದು?

ಗಟ್ಟಿಯಾಗದ ರೆಸಿನ್, ಹಾರ್ಡನರ್ ಚರ್ಮಕ್ಕೆ ತಗುಲಿ ಅಲರ್ಜಿ ಬರಬಹುದು. ಒಮ್ಮೆ ಬಂದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ, ಮುಂದೆ ಚೂರು ತಗುಲಿದರೂ ಕೈ, ಮುಖ ಕೆರಳುತ್ತೆ. ಅಂದರೆ ಕಲಿತ ಕೆಲಸವನ್ನೇ ಬಿಡಬೇಕಾಗುತ್ತೆ. ನೈಟ್ರೈಲ್ ಕೈಗವಸು, ಉದ್ದ ತೋಳು, ಕನ್ನಡಕ, ಗ್ರೈಂಡ್ ಮಾಡುವಾಗ ಧೂಳಿನ ಮಾಸ್ಕ್, ಸಾಲ್ವೆಂಟ್ ಬಳಸುವಲ್ಲಿ ಗಾಳಿಯಾಡುವ ವ್ಯವಸ್ಥೆ ಇದ್ದೇ ಇರಬೇಕು. ಥಿನ್ನರ್‌ನಿಂದ ಕೈ ತೊಳೆಯೋದಂತೂ ಬೇಡವೇ ಬೇಡ.

ಇನ್ನು ಕೂಲಿ. ನಷ್ಟದ ಹೆಸರಲ್ಲಿ ಕಡಿತ ಮಾಡುವ ಮುಂಚೆ ಕಾರ್ಮಿಕನಿಗೆ ಉತ್ತರ ಹೇಳಲು ಅವಕಾಶ ಕೊಡಬೇಕು ಅನ್ನೋ ನಿಯಮ 1936ರ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಆ ಉತ್ತರದಲ್ಲಿ ಕೇಳಬೇಕಾದ ಪ್ರಶ್ನೆಗಳೂ ಇವೆ. ತೂಕದ ಯಂತ್ರ ಕೊಟ್ಟಿದ್ದಿರಾ? ಡಬ್ಬಿಯ ಮೇಲಿನ ಇಂಗ್ಲಿಷ್ ಸೂಚನೆಯನ್ನ ಯಾರಾದರೂ ಕನ್ನಡದಲ್ಲಿ ಹೇಳಿದ್ದರಾ? ಮಟಮಟ ಮಧ್ಯಾಹ್ನ ಕೆಲಸ ಹಚ್ಚಿದ್ದು ಯಾರು?

ಖರ್ಚಿಲ್ಲದ ಪರಿಹಾರ ಒಂದಿದೆ. ಪ್ರತಿ ಬಕೆಟ್‌ಗೂ ಒಂದು ಸಾಲಿನ ದಾಖಲೆ ಇಡಿ: ಬ್ಯಾಚ್ ನಂಬರ್, ಎರಡೂ ಭಾಗದ ತೂಕ, ಬೆರೆಸಿದ ಸಮಯ, ನೆಲದ ಶಾಖ, ಹಚ್ಚಿದ ಜಾಗ. ನೆಲ ಕೆಟ್ಟರೆ ಎಲ್ಲಿ ಕೆರೆಯಬೇಕು ಅಂತ ಅದು ಹೇಳುತ್ತೆ, ಹೊಣೆ ಯಾರದ್ದು ಅಂತಲೂ ಹೇಳುತ್ತೆ. ಸರ್ಕಾರಿ ದುಡ್ಡಿನ ಕೆಲಸವಾದರೆ ಆ ಪುಸ್ತಕವನ್ನ ಮಾಹಿತಿ ಹಕ್ಕಿನಡಿ ನೀವೂ ಕೇಳಬಹುದು. ಅದನ್ನ ಇಟ್ಟೇ ಇಲ್ಲ ಅಂದರೆ, ಅಳತೆ ತಪ್ಪಿದ್ದು ಬಕೆಟ್ಟಿನಲ್ಲಿ ಮಾತ್ರ ಅಲ್ಲ ಅಂತ ಅರ್ಥ.