ಮೂವತ್ತಾರನೆಯ ಸ್ಥಾನ

ಪಂದ್ಯದಲ್ಲಿ ಮೊದಲಿಗನಾಗಿ ಬಂದವನ ಹೆಸರು ಲೋಕದ ನೆನಪಿನಲ್ಲಿ ಉಳಿಯುತ್ತದೆ. ಮೂವತ್ತಾರನೆಯವನನ್ನು ಕೇಳುವವರು ವಿರಳ. ಆದರೆ ಗುರಿಯನ್ನು ಮುಟ್ಟುವುದೇ ಗೆಲುವೆನಿಸುವ ಪಂದ್ಯಗಳೂ ಉಂಟು. ಡಾಕರ್ ರ‍್ಯಾಲಿ ಅಂಥದು. ಅದನ್ನು ಮೋಟಾರು ಸೈಕಲ್ಲಿನ ಮೇಲೆ ಪೂರೈಸಿದ ಮೊದಲ ಭಾರತೀಯರು ಬೆಂಗಳೂರಿನ ಸಿ. ಎಸ್. ಸಂತೋಷ್.

1978ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಿಂದ ಆಫ್ರಿಕದ ಡಾಕರ್ ನಗರದತ್ತ ಹೊರಟ ಓಟದಿಂದ ಈ ಪಂದ್ಯಕ್ಕೆ ಹೆಸರು ಬಂದಿತು. 2009ರಿಂದ 2019ರವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆದು, 2020ರಿಂದ ಇದು ಸೌದಿ ಅರೇಬಿಯದಲ್ಲಿ ನಡೆಯುತ್ತಿದೆ. ಸುಮಾರು ಎರಡು ವಾರಗಳ ಕಾಲ ಸವಾರನು ಮರಳುಗಾಡು, ಕಲ್ಲುಬಯಲು, ಬೆಟ್ಟಗಳನ್ನು ದಾಟಬೇಕು. ವಾಹನ ಓಡಿಸುತ್ತಲೇ ದಾರಿಸೂಚಿಯನ್ನೂ ಓದಿಕೊಳ್ಳಬೇಕು. ಒಂದು ಗುರುತು ತಪ್ಪಿದರೆ ದಾರಿಯೇ ತಪ್ಪುತ್ತದೆ.

ಇಂಥ ಪಂದ್ಯಗಳಲ್ಲಿ ಎರಡು ಬಗೆಯ ಸವಾರರಿರುತ್ತಾರೆ. ಕೆಲವರಿಗೆ ವಾಹನ ತಯಾರಕರ ತಂಡದ ಆಸರೆಯಿರುತ್ತದೆ. ವಾಹನ, ಬಿಡಿಭಾಗ, ಮೆಕ್ಯಾನಿಕ್ಕುಗಳು ಎಲ್ಲವೂ ಆ ತಂಡದ ಹೊಣೆ. ಉಳಿದವರು ಸ್ವತಂತ್ರರು, ಹಣವನ್ನೂ ನೆರವನ್ನೂ ತಾವೇ ಹೊಂದಿಸಿಕೊಳ್ಳಬೇಕು. ಅಮೆರಿಕದ ಸ್ಟಾಕ್ ಕಾರ್ ಪಂದ್ಯಗಳಲ್ಲಿಯೂ ಹೀಗೆ ಸ್ವಂತ ಬಲದಿಂದ ಸ್ಪರ್ಧಿಸಿದ ಅನೇಕರಿದ್ದರು. ಮೋಟೋಕ್ರಾಸ್ ಸ್ಪರ್ಧೆಗಳಲ್ಲಿ ರಾಷ್ಟ್ರಮಟ್ಟದ ಹೆಸರು ಗಳಿಸಿದ್ದ ಸಂತೋಷ್ ಅವರು ಮೊದಲ ಡಾಕರ್‌ಗೆ ಇಳಿದದ್ದು ಸ್ವತಂತ್ರ ಸವಾರರಾಗಿಯೇ. ಅದಕ್ಕೂ ಮುನ್ನ, 2013ರಲ್ಲಿ, ಅಬುಧಾಬಿಯ ಮರಳುಗಾಡಿನ ಪಂದ್ಯದಲ್ಲಿ ಅವರ ವಾಹನಕ್ಕೆ ಬೆಂಕಿ ಹತ್ತಿ ಕುತ್ತಿಗೆಗೆ ಸುಟ್ಟಗಾಯಗಳಾಗಿದ್ದವು. ಅದರಿಂದ ಅವರು ಹಿಮ್ಮೆಟ್ಟಲಿಲ್ಲ.

2015ರ ಜನವರಿಯಲ್ಲಿ ಅರ್ಜೆಂಟೀನ, ಚಿಲಿ, ಬೊಲಿವಿಯಗಳಲ್ಲಿ ಡಾಕರ್ ನಡೆಯಿತು. ಅಟಕಾಮ ಮರಳುಗಾಡಿನ ಬಿಸಿಲು, ಬೊಲಿವಿಯದ ಉಪ್ಪುಬಯಲಿನ ಚಳಿ ಎರಡನ್ನೂ ಸವಾರರು ಸಹಿಸಬೇಕಾಯಿತು. ಮೋಟಾರು ಸೈಕಲ್ಲುಗಳಲ್ಲಿ ಹೊರಟವರ ಪೈಕಿ ಕೊನೆ ಮುಟ್ಟಿದವರು ಸುಮಾರು ಅರ್ಧದಷ್ಟು ಮಾತ್ರ. ಸಂತೋಷ್ ಅವರು ಮೂವತ್ತಾರನೆಯವರಾಗಿ ಗುರಿ ಸೇರಿದರು.

ಮುಂದೆ ಅವರು ಹೀರೋ ಸಂಸ್ಥೆಯ ತಂಡವನ್ನು ಸೇರಿ, 2018ರಲ್ಲಿ ಮೂವತ್ತನಾಲ್ಕನೆಯ ಸ್ಥಾನ ಪಡೆದರು. 2021ರ ಜನವರಿಯಲ್ಲಿ ಸೌದಿ ಅರೇಬಿಯದಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾಯಿತು. ಹೆಲಿಕಾಪ್ಟರಿನಲ್ಲಿ ಅವರನ್ನು ಆಸ್ಪತ್ರೆಗೆ ಸಾಗಿಸಿದರು. ಚಿಕಿತ್ಸೆಗಾಗಿ ವೈದ್ಯರು ಅವರನ್ನು ಕೆಲಕಾಲ ಪ್ರಜ್ಞಾಹೀನ ಸ್ಥಿತಿಯಲ್ಲಿ ಇರಿಸಿದ್ದರು. ಚೇತರಿಸಿಕೊಂಡು ಅವರು ಸ್ವದೇಶಕ್ಕೆ ಮರಳಿದರು.

ಇದನ್ನು ಓದಿ ವೇಗವೇ ಸಾಹಸವೆಂದು ಯಾರೂ ಭಾವಿಸಬಾರದು. ಡಾಕರ್‌ನ ಸವಾರರೂ ಊರುಗಳ ನಡುವೆ ವೇಗಮಿತಿಯನ್ನು ಪಾಲಿಸಲೇಬೇಕು, ಮೀರಿದವರಿಗೆ ದಂಡನೆಯುಂಟು. ನಿಟ್ಟೂರಿನ ಕಡೆಯಿಂದ ಕೊಲ್ಲೂರಿಗೆ ಇಳಿಯುವ ಘಟ್ಟದ ದಾರಿಯಲ್ಲಿ ಮಳೆಗಾಲದ ಮಂಜು ಕವಿದಾಗ, ಎದುರಿನ ತಿರುವಿನಿಂದ ಬಸ್ಸು ಬರಬಹುದು, ದನಗಳೂ ಬರಬಹುದು. ಅಲ್ಲಿ ಕಾವಲುಗಾರರಿಲ್ಲ, ಹೆಲಿಕಾಪ್ಟರೂ ಇಲ್ಲ. ಎಲ್ಲಿ ಧಾವಿಸಬೇಕು, ಎಲ್ಲಿ ತಡೆದುಕೊಳ್ಳಬೇಕು ಎಂಬುದನ್ನು ಬಲ್ಲವನೇ ಕೊನೆಯವರೆಗೆ ಸಾಗಬಲ್ಲನು. ಮೂವತ್ತಾರನೆಯ ಸ್ಥಾನದ ಹಿರಿಮೆ ಇರುವುದು ಈ ವಿವೇಕದಲ್ಲಿ.