ದೊಡ್ಡನೆಕ್ಕುಂದಿಯಲ್ಲಿ ಕೈಗೆಟುಕುವ ಒಳ್ಳೆಯ ಊಟ

ಬೆಂಗಳೂರಿನ ಪೂರ್ವಕ್ಕೆ, ಮಾರತ್ತಹಳ್ಳಿ ಮತ್ತು ಮಹದೇವಪುರದ ನಡುವೆ ಇರುವ ದೊಡ್ಡನೆಕ್ಕುಂದಿಯಲ್ಲಿ ಹಳೆಯ ಊರು, ಕೆರೆ, ಕೈಗಾರಿಕಾ ಪ್ರದೇಶ, ಸಾಫ್ಟ್‌ವೇರ್ ಕಚೇರಿಗಳು ಮತ್ತು ಪಿಜಿಗಳು ಒತ್ತೊತ್ತಾಗಿ ಸೇರಿಕೊಂಡಿವೆ. ಪಿಜಿಯ ಕೋಣೆಯಲ್ಲಿ ಒಲೆ ಇರುವುದಿಲ್ಲ. ಪಾಳಿಯ ಮೇಲೆ ದುಡಿಯುವವರಿಗೆ ಅಡುಗೆಗೆ ಸಮಯ ಸಿಗುವುದಿಲ್ಲ. ಹೊರಗೆ ಉಣ್ಣುವುದು ಇವರಿಗೆ ದಿನನಿತ್ಯದ ಅಗತ್ಯ. ಇಂಥವರು ದಿನವೂ ಬಂದು ಉಣ್ಣುವ ಜಾಗಗಳಲ್ಲೇ ಬೆಲೆ ಮತ್ತು ರುಚಿ ಎರಡೂ ಹದವಾಗಿರುತ್ತವೆ. ರುಚಿ ಕೆಟ್ಟರೆ ಗಿರಾಕಿ ಮರುದಿನವೇ ಪಕ್ಕದ ಹೋಟೆಲಿಗೆ ಹೋಗುತ್ತಾನೆ ಎಂಬುದು ಅಲ್ಲಿನ ಮಾಲೀಕರಿಗೆ ಗೊತ್ತು.

ಹುಡುಕಾಟವನ್ನು ಮುಖ್ಯರಸ್ತೆ ಬಿಟ್ಟು ಒಳಗಿನಿಂದ ಆರಂಭಿಸುವುದು ಒಳ್ಳೆಯದು. ಹೊರವರ್ತುಲ ರಸ್ತೆಗೆ ಮುಖ ಮಾಡಿದ ಮಳಿಗೆಗೆ ಬಾಡಿಗೆ ಹೆಚ್ಚು, ಅದು ತಟ್ಟೆಯ ಬೆಲೆಯಲ್ಲೂ ಸೇರಿರುತ್ತದೆ. ಹಳೆಯ ಊರಿನ ಬೀದಿಗಳು, ಪಿಜಿಗಳ ಸಾಲು, ಕಾರ್ಖಾನೆಗಳ ಗೇಟಿನ ಆಸುಪಾಸು ಚಿಕ್ಕ ಹೋಟೆಲು, ಮೆಸ್‌ಗಳಿಗೆ ಸೂಕ್ತ ತಾಣಗಳು.

ಬೆಳಗಿನ ತಿಂಡಿಗೆ ದರ್ಶಿನಿಗಳೇ ಮೊದಲ ಆಯ್ಕೆ. 1983ರಲ್ಲಿ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿಯಿಂದ ಬೆಂಗಳೂರಿನಲ್ಲಿ ಈ ಮಾದರಿ ಹಬ್ಬಿತು. ಗಿರಾಕಿಗಳು ಟೋಕನ್ ಪಡೆದು ನಿಂತೇ ತಿನ್ನುವುದರಿಂದ ಸಪ್ಲಾಯರ್‌ಗಳ ಸಂಬಳವೂ ದೊಡ್ಡ ಜಾಗದ ಬಾಡಿಗೆಯೂ ಉಳಿಯುತ್ತವೆ. ಜನ ಬೇಗ ಬಂದು ಬೇಗ ಹೋಗುವ ಕಾರಣ ಇಡ್ಲಿ, ವಡೆ, ಖಾರಾಬಾತ್ ಬಿಸಿಬಿಸಿಯಾಗಿಯೇ ಸಿಗುತ್ತವೆ.

ಮಧ್ಯಾಹ್ನದ ಊಟದಲ್ಲಿ ಆಯ್ಕೆ ಹೆಚ್ಚು. ಹೊಟ್ಟೆ ತುಂಬ ಅನ್ನ, ಪಪ್ಪು, ಗೊಂಗುರ ಬೇಕಾದವರಿಗೆ ಆಂಧ್ರ ಮೆಸ್. ಜೋಳದ ರೊಟ್ಟಿ, ಎಣ್ಣೆಗಾಯಿ ಬಯಸುವವರಿಗೆ ಉತ್ತರ ಕರ್ನಾಟಕದ ಖಾನಾವಳಿ. ಮುದ್ದೆ, ನಾಟಿಕೋಳಿ ಸಾರಿಗೆ ಮಿಲಿಟರಿ ಹೋಟೆಲ್. ಒಂದು ಸೀಮೆಯ ಅಡುಗೆ ಚೆನ್ನಾಗಿ ಸಿಗುವ ಜಾಗ ತಿಳಿಯಲು ಆ ಸೀಮೆಯವರನ್ನೇ ಕೇಳಬೇಕು. ಕೇರಳದ ಪುಟ್ಟು-ಕಡಲೆ, ಬಂಗಾಳದ ಮೀನಿನ ಊಟ, ಬಿಹಾರದ ಲಿಟ್ಟಿ ಚೋಖಾಗಳಿಗೂ ಇದೇ ಮಾತು ಅನ್ವಯಿಸುತ್ತದೆ. ತೀರಾ ಕಡಿಮೆ ಖರ್ಚಿನಲ್ಲಿ ಉಣ್ಣಬೇಕಾದವರಿಗೆ ನಗರದಲ್ಲಿ ಇಂದಿರಾ ಕ್ಯಾಂಟೀನ್‌ಗಳಿವೆ. 2017ರ ಆಗಸ್ಟ್‌ನಲ್ಲಿ ಈ ಯೋಜನೆ ಆರಂಭವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ದರ ನಿಗದಿಯಾಗಿತ್ತು.

ಹೋಟೆಲಿನ ಗುಣವನ್ನು ಅಳೆಯಲು ಕೆಲವು ಗುರುತುಗಳಿವೆ. ತಿಂಡಿಗಳ ಪಟ್ಟಿ ಚಿಕ್ಕದಾಗಿದ್ದು ಜನ ಹೆಚ್ಚಿದ್ದರೆ ಅಡುಗೆ ಆಗಾಗ ಹೊಸದಾಗಿ ಆಗುತ್ತಿರುತ್ತದೆ. ಮಧ್ಯಾಹ್ನ ಎರಡೂವರೆಗೆ ಪಲ್ಯ ಮುಗಿದಿದೆ ಎನ್ನುವ ಮೆಸ್ಸನ್ನು ನಂಬಬಹುದು; ಅಲ್ಲಿ ಮಿಕ್ಕದ್ದನ್ನು ರಾತ್ರಿಗೆ ಬಿಸಿ ಮಾಡಿ ಬಡಿಸುವ ಸಂಭವ ಕಡಿಮೆ. ತಳ್ಳುಗಾಡಿಯಾದರೆ ತಟ್ಟೆ ತೊಳೆಯುವ ನೀರು, ಚಟ್ನಿಯ ಪಾತ್ರೆಯ ಮುಚ್ಚಳ, ಕರಿಯುವ ಎಣ್ಣೆಯ ಬಣ್ಣ ನೋಡಬೇಕು. ಹೋಟೆಲಿನ ಗೋಡೆಯ ಮೇಲೆ ಆಹಾರ ಸುರಕ್ಷತಾ ಪರವಾನಗಿಯ 14 ಅಂಕಿಗಳ ಸಂಖ್ಯೆ ಕಾಣುವಂತಿರಬೇಕು. ಗೋಬಿ ಮಂಚೂರಿ ಕೆಂಪಗೆ ಹೊಳೆಯುತ್ತಿದ್ದರೆ ಎಚ್ಚರ ಅಗತ್ಯ: ಅದಕ್ಕೆ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಕೆಲವು ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದುದು 2025ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂದಾಗ ಅದನ್ನೂ ತಡೆಯಲು ಸರ್ಕಾರ ಮುಂದಾಯಿತು.

ಅಗ್ಗ ಎನಿಸಿದ ಊಟವೂ ಬಿಲ್ಲಿನಲ್ಲಿ ದುಬಾರಿಯಾಗಬಹುದು. ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಸೂಚಿಸಿತು; ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಈ ಶುಲ್ಕ ಕೇಳಿದರೆ ತೆಗೆಸಬಹುದು, ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಫೋನಿನ ಆ್ಯಪ್‌ಗಳಲ್ಲಿ ಕಮಿಷನ್, ಪ್ಯಾಕಿಂಗ್, ತಲುಪಿಸುವ ಶುಲ್ಕ ಸೇರಿ ಅದೇ ಊಟದ ಬೆಲೆ ಏರುವುದು ಸಾಮಾನ್ಯ. ಹೋಟೆಲು ನಡೆದುಹೋಗುವಷ್ಟು ಹತ್ತಿರವಿದ್ದರೆ ಅಲ್ಲೇ ಹೋಗಿ ಉಣ್ಣುವುದು ಲಾಭ.

ದಿನವೂ ಹೊರಗೇ ಉಣ್ಣುವವರು ಮೆಸ್ಸಿನಲ್ಲಿ ತಿಂಗಳ ಲೆಕ್ಕ ಇಡಬಹುದು. ಒಂದೊಂದೇ ಊಟಕ್ಕೆ ಕೊಡುವುದಕ್ಕಿಂತ ಇದು ಅಗ್ಗವಾಗುವುದುಂಟು. ಹಣ ಕಟ್ಟುವ ಮುನ್ನ ವಾರವಿಡೀ ಉಂಡು ನೋಡಬೇಕು. ಸಾರು-ಪಲ್ಯ ದಿನಕ್ಕೊಂದು ಬಗೆ ಇರುತ್ತವೆಯೇ, ಭಾನುವಾರ ರಾತ್ರಿ ಮೆಸ್ ಮುಚ್ಚಿರುತ್ತದೆಯೇ, ಊರಿಗೆ ಹೋದ ದಿನಗಳ ಹಣ ಕಳೆಯುತ್ತಾರೆಯೇ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಂಡರೆ ಮುಂದೆ ತಕರಾರಿಗೆ ಎಡೆಯಿರುವುದಿಲ್ಲ.