ನಿಮಗಿದು ಗೊತ್ತೇ? ಹಳೇ ಶಿಕಾರಿ ರೈಫಲ್ ಇದೆ, ತೋಟಾ ಎಲ್ಲಿದೆ?

ಬಂಗಾರಪೇಟೆಯಿಂದ ಹೊರಟ ರೈಲು ಮಾರಿಕುಪ್ಪಂ ಮುಟ್ಟಿದರೆ ಮುಂದೆ ಹಳಿ ಇಲ್ಲ. ಆಚೆಗೆ ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಪಾಳುಬಿದ್ದ ಮೈಸೂರು ಮೈನ್, ಸೈನೈಡ್ ದಿಬ್ಬಗಳು. ಜಾನ್ ಟೇಲರ್ ಕಂಪನಿ ಬಂದ 1880ರಿಂದ ಗಣಿ ಮುಚ್ಚಿದ 2001ರ ಫೆಬ್ರವರಿ 28ರವರೆಗೆ ಈ ಊರು ಮದ್ದಿನ ಸದ್ದು ಕೇಳುತ್ತಲೇ ಬದುಕಿತು. ಈ ಸಲದ ಸಂಗತಿಗಳೆಲ್ಲ ಮದ್ದಿನವೇ. ಆದರೆ ಬಂಡೆ ಒಡೆಯುವ ಮದ್ದಲ್ಲ, ಹಳೇ ಶಿಕಾರಿ ರೈಫಲ್ಲಿನ ತೋಟಾದೊಳಗಿನದು. ಒಳ್ಳೆಯ ರೈಫಲ್ ನೂರು ವರ್ಷ ಬಾಳುತ್ತದೆ. ಅದರ ತೋಟಾ ಅಷ್ಟು ಬಾಳುವುದಿಲ್ಲ. ತೊಡಕೆಲ್ಲ ಶುರುವಾಗುವುದು ಅಲ್ಲಿಂದಲೇ.

ಕೆಜಿಎಫ್‌ಗೆ ತನ್ನದೇ ಬಂದೂಕು ಪಡೆ ಇತ್ತು, ಗೊತ್ತೇ? ಮೊದಲು ವಾಲಂಟಿಯರ್ ರೈಫಲ್ಸ್, 1920ರ ಕಾಯ್ದೆಯ ನಂತರ ಆಕ್ಸಿಲಿಯರಿ ಫೋರ್ಸ್‌ನ ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್. 1947ರಲ್ಲಿ ಆಕ್ಸಿಲಿಯರಿ ಫೋರ್ಸ್ ಇಡಿಯಾಗಿ ವಿಸರ್ಜನೆಯಾದಾಗ ಅದರ ಕತೆಯೂ ಮುಗಿಯಿತು.

ಸೈನ್ಯದ .303 ರೈಫಲ್ ಇವತ್ತಿಗೂ ನಮ್ಮಲ್ಲಿ ‘ನಿಷೇಧಿತ ಬೋರ್’ (ಬೋರ್ ಎಂದರೆ ನಳಿಗೆಯ ಒಳ ಅಳತೆ). ಸೈನ್ಯದ ತೋಟಾ ಜನಸಾಮಾನ್ಯರ ಕೋವಿಗೆ ಹೊಂದಬಾರದು ಎಂಬುದು ಬ್ರಿಟಿಷರ ಕಾಲದ ಎಚ್ಚರ. ಹಾಗಾಗಿಯೇ ಶಿಕಾರಿಗೆ .315 ಬೋರ್ ಬಳಕೆಗೆ ಬಂತು. ಅದರ ತೋಟಾ ಮೂಲತಃ ಆಸ್ಟ್ರಿಯಾ-ಹಂಗೇರಿ ಸೈನ್ಯದ ಮ್ಯಾನ್ಲಿಕರ್ ತೋಟಾ! ನಮ್ಮ ಸರ್ಕಾರಿ ಆರ್ಡ್‌ನನ್ಸ್ ಫ್ಯಾಕ್ಟರಿಗಳು ಸ್ವಾತಂತ್ರ್ಯದ ನಂತರವೂ ಅದೇ ಬೋರಿನ ರೈಫಲ್ ಮಾಡುತ್ತ ಬಂದವು.

ಇದಕ್ಕಿಂತ ದೊಡ್ಡ ಪಲ್ಲಟ 1907ರ ಸುಮಾರಿನದು. ಹಳೇ ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ಹೊಂದುವ ಗುಂಡು ಬಂಡುಕೋರರ ಕೈ ಸೇರೀತೆಂದು ಹೆದರಿದ ಸರ್ಕಾರ, ಭಾರತಕ್ಕೆ .450 ಬೋರಿನ ರೈಫಲ್ ತರುವುದನ್ನೇ ತಡೆಯಿತು. ಆನೆ, ಕಾಟಿ ಶಿಕಾರಿಯವರು ನೆಚ್ಚಿಕೊಂಡಿದ್ದ ಬೋರ್ ಅದು. ಲಂಡನ್ನಿನ ಕೋವಿ ತಯಾರಕರು ಆ ಅಳತೆಯನ್ನು ತುಸು ಹಿಗ್ಗಿಸಿ .465, .470, .475 ಎಂದು ಹೊಸ ಬೋರ್‌ಗಳನ್ನು ಮಾರುಕಟ್ಟೆಗೆ ಬಿಟ್ಟರು. ಮುಂದೆ ಆಫ್ರಿಕಾದಲ್ಲಿ ಹೆಸರು ಮಾಡಿದ ಈ ದೊಡ್ಡ ಬೋರ್‌ಗಳು ಬಳಕೆಗೆ ಬಂದದ್ದು ಭಾರತದ ಒಂದು ಸರ್ಕಾರಿ ಆದೇಶದಿಂದ.

ಕೆನೆತ್ ಆಂಡರ್ಸನ್ (1910–1974) ಬೆಂಗಳೂರಿನ ವಿಮಾನ ಕಾರ್ಖಾನೆಯ ಉದ್ಯೋಗಿ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆ ಆತ ಮನೆಯವರಷ್ಟೇ ಪರಿಚಿತ. ಆತನ ಕೈಯಲ್ಲಿದ್ದ .405 ವಿಂಚೆಸ್ಟರ್ ಕತೆ ಮಾತ್ರ ನಮ್ಮಲ್ಲಿ ಅಷ್ಟಾಗಿ ಯಾರೂ ಹೇಳಿಲ್ಲ. ಜಾನ್ ಬ್ರೌನಿಂಗ್ ರೂಪಿಸಿದ 1895ರ ಮಾದರಿಯ ರೈಫಲ್ ಅದು. ಕೆಳಗಿನ ಸನ್ನೆಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಕ್ಕೆ ಹಾರಿ ಹೊಸದು ಒಳಗೆ ಕೂರುತ್ತದೆ. .405 ತೋಟಾ ಬಂದದ್ದು 1904ರಲ್ಲಿ. ಅಮೆರಿಕದ ಅಧ್ಯಕ್ಷಗಿರಿ ಮುಗಿಸಿದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹದ ಬೇಟೆಗೆ ಒಯ್ದದ್ದೂ ಇದೇ ಬೋರ್. 1950ರ ದಶಕದಲ್ಲಿ ವಿಂಚೆಸ್ಟರ್ ಕಂಪನಿ ಈ ತೋಟಾ ಮಾಡುವುದನ್ನು ಬಿಟ್ಟಿತು. ಮತ್ತೊಂದು ಕಂಪನಿ ಅದನ್ನು ಪುನಃ ಮಾಡತೊಡಗುವ ಹೊತ್ತಿಗೆ ಶತಮಾನವೇ ಬದಲಾಗುತ್ತಿತ್ತು. ನಡುವಿನ ನಾಲ್ಕು ದಶಕ ಜಗತ್ತಿನಲ್ಲಿದ್ದ .405 ರೈಫಲ್‌ಗಳ ಪಾಡೇನು? ಕೆಲವು ಗೋಡೆ ಸೇರಿದವು. ಇನ್ನು ಕೆಲವಕ್ಕೆ ಅಮೆರಿಕದ ಹವ್ಯಾಸಿಗಳು ಹಾರಿಸಿದ ತೋಟಾದ ಹಿತ್ತಾಳೆಯನ್ನು ಜೋಪಾನ ಮಾಡಿ, ಮನೆಯ ಮೇಜಿನ ಮೇಲೆಯೇ ಮದ್ದು, ಗುಂಡು ಕೂರಿಸಿ ಮತ್ತೆ ಜೀವ ಕೊಟ್ಟರು. ಇಂಥ ಅನಾಥ ರೈಫಲ್‌ಗಳಿಗೆ ಕೈಯಿಂದ ತೋಟಾ ತುಂಬುವ ಕಲೆಯೇ ಆಸರೆ.

ಮದ್ದನ್ನೂ ಗುಂಡನ್ನೂ ತೂಗುವುದು ‘ಗ್ರೇನ್’ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಚಿನ್ನದ ಟ್ರಾಯ್ ಔನ್ಸಿಗೆ 480 ಗ್ರೇನ್. ಅಕ್ಕಸಾಲಿಗನ ಗ್ರೇನೂ ಶಿಕಾರಿಯ ಗ್ರೇನೂ ಒಂದೇ. .405ರ ಗುಂಡು 300 ಗ್ರೇನ್, ಅಂದರೆ 19 ಗ್ರಾಮಿಗಿಂತ ತುಸು ಹೆಚ್ಚು. ಕೊನೆಕೊನೆಗೆ ಕೆಜಿಎಫ್‌ನಲ್ಲಿ ಒಂದು ಟನ್ ಅದಿರಿಗೆ ಸಿಗುತ್ತಿದ್ದ ಚಿನ್ನ ಸುಮಾರು 3 ಗ್ರಾಂ. ಆ ಒಂದು ಗುಂಡಿನ ತೂಕದ ಚಿನ್ನಕ್ಕೆ ಆರು ಟನ್‌ಗೂ ಹೆಚ್ಚು ಬಂಡೆಯನ್ನು ಪಾತಾಳದಿಂದ ಎತ್ತಬೇಕಿತ್ತು.

12 ಬೋರ್ ಎಂದರೆ 12 ಇಂಚೂ ಅಲ್ಲ, 12 ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಎರಕ ಹೊಯ್ದರೆ ಅದರಲ್ಲೊಂದು ಸರಿಯಾಗಿ ಕೂರುವ ನಳಿಗೆ. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ಆನೆಗೆ ಹಿಡಿಯುತ್ತಿದ್ದದ್ದು 4 ಬೋರ್, ಪೌಂಡಿಗೆ ನಾಲ್ಕೇ ಗುಂಡು!

ಜೋಡು ನಳಿಗೆಯ ರೈಫಲ್‌ಗೆ ಸಿಕ್ಕ ತೋಟಾ ಹಾಕಿದರೆ ಗುರಿ ಕೆಡುತ್ತದೆ. ಅದರ ಎರಡು ನಳಿಗೆಗಳು ನೋಡಲು ಒಂದರ ಪಕ್ಕ ಒಂದು ನೆಟ್ಟಗೆ ಕಂಡರೂ ಮುಂದೆ ಹೋದಂತೆ ತುಸು ಹತ್ತಿರವಾಗುವಂತೆ ಬೆಸೆದಿರುತ್ತಾರೆ. ಗೊತ್ತುಮಾಡಿದ ಒಂದೇ ತೂಕದ ಗುಂಡು, ಒಂದೇ ವೇಗದಲ್ಲಿ ಹೋದರೆ ಮಾತ್ರ ಎರಡೂ ಒಂದೇ ಕಡೆ ತಾಗುತ್ತವೆ. ಕಾರ್ಖಾನೆಯಲ್ಲಿ ಒಬ್ಬ ಕುಶಲಿ ಹಾರಿಸಿ ನೋಡಿ, ಬೆಸುಗೆ ಕರಗಿಸಿ, ಸರಿಸಿ, ಮತ್ತೆ ಹಾರಿಸಿ ಇದನ್ನು ಹೊಂದಿಸುತ್ತಿದ್ದ. ಇಂಗ್ಲೆಂಡಿನ ಕೈನಾಕ್ ಕಂಪನಿ 1960ರ ದಶಕದಲ್ಲಿ ದೊಡ್ಡ ಬೋರಿನ ತೋಟಾಗಳಿಂದ ಕೈ ತೊಳೆದುಕೊಂಡಾಗ ಈ ರೈಫಲ್‌ಗಳಿಗಾದಷ್ಟು ನಷ್ಟ ಬೇರೆ ಯಾವ ಕೋವಿಗೂ ಆಗಲಿಲ್ಲ.

ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಸೇವಿಗೆಯಂಥ ಎಳೆಗಳ ರೂಪದಲ್ಲಿ ತೋಟಾದೊಳಗೆ ಇರುತ್ತಿತ್ತು. ನಳಿಗೆಗೆ ಜಾರು ಸಿಗಲೆಂದು ಅದಕ್ಕೆ ವ್ಯಾಸಲಿನ್ ಬೆರೆಸಿದರು. ಮದ್ದು ಬೇಗ ಕೆಡದಂತೆ ಕಾಯುವುದೂ ಅದೇ ವ್ಯಾಸಲಿನ್ ಎಂದು ತಿಳಿದದ್ದು ಆಮೇಲೆ. ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ಎದ್ದದ್ದು 1903ರ ಸುಮಾರಿಗೆ, ಕಾಟೇರಿ ಜಲಪಾತದ ವಿದ್ಯುತ್ತಿನ ಬಲದಿಂದ. ಶಿವನಸಮುದ್ರದ ವಿದ್ಯುತ್ ಕೆಜಿಎಫ್ ಗಣಿಗಳಿಗೆ ಹರಿದದ್ದು 1902ರಲ್ಲಿ. ದಕ್ಷಿಣದ ಎರಡು ಜಲಪಾತಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದು ಚಿನ್ನಕ್ಕೆ, ಇನ್ನೊಂದು ಮದ್ದಿಗೆ ದುಡಿಯತೊಡಗಿದವು.

ಕಾರ್ಡೈಟ್‌ಗೆ ಬಿಸಿಲು ಆಗದು. ಚಳಿನಾಡಿನಲ್ಲಿ ಅಳೆದು ತುಂಬಿದ ತೋಟಾ ನಮ್ಮ ಏಪ್ರಿಲ್ ಬಿಸಿಲಿಗೆ ಕಾದರೆ ಒಳಗಿನ ಒತ್ತಡ ಏರುತ್ತದೆ. ಹಾರಿದ ತೋಟಾ ಉಬ್ಬಿ ನಳಿಗೆಯ ಬುಡದಲ್ಲೇ ಕಚ್ಚಿಕೊಳ್ಳುತ್ತದೆ. ಎದುರಿಗೆ ಹುಲಿ ಇರುವಾಗ ಹೀಗಾದರೆ? ಅದಕ್ಕೆಂದೇ ಭಾರತಕ್ಕೆ, ಆಫ್ರಿಕಾಕ್ಕೆ ಮದ್ದು ಕಡಿಮೆ ಮಾಡಿದ ಬೇರೆ ತೋಟಾ ಬರುತ್ತಿತ್ತು.

ಮಳೆಗಾಲದಲ್ಲಿ ಹಿತ್ತಾಳೆಯ ತೋಟಾ ತಾನಾಗಿಯೇ ಬಿರುಕು ಬಿಡುವುದನ್ನು ಮೊದಲು ಕಂಡದ್ದು ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯ. ಕುದುರೆ ಲಾಯದ ಬಳಿ ಇಟ್ಟ ತೋಟಾಗಳ ಕತ್ತು ಸೀಳುತ್ತಿತ್ತು; ಕಾರಣ ದಶಕಗಟ್ಟಲೆ ತಿಳಿಯಲಿಲ್ಲ. ಕುದುರೆಯ ಉಚ್ಚೆಯಿಂದೇಳುವ ಅಮೋನಿಯ, ಮಳೆಗಾಲದ ತೇವ, ಹಿತ್ತಾಳೆಯನ್ನು ಒತ್ತಿ ಎಳೆದಾಗ ಅದರೊಳಗೆ ಉಳಿದ ಬಿಗಿತ, ಮೂರೂ ಸೇರಿದಾಗ ಹೀಗಾಗುತ್ತದೆ ಎಂದು 1921ರಲ್ಲಿ ಬಿಡಿಸಿ ಹೇಳಿದರು. ತೋಟಾದ ಕತ್ತನ್ನು ಹದವಾಗಿ ಕಾಯಿಸಿದರೆ ಆ ಬಿಗಿತ ಹೋಗುತ್ತದೆ. ದನದ ಕೊಟ್ಟಿಗೆಗೆ ಅಂಟಿದ ಕೋಣೆಯಲ್ಲಿ ತೋಟಾ ಇಡುವ ನಮ್ಮ ಹಳ್ಳಿಮನೆಗಳವರು ಇದನ್ನು ತಿಳಿದಿರಬೇಕು.

ಪಾದರಸ ಚಿನ್ನವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಜಿಎಫ್‌ನ ಗಿರಣಿಗಳಲ್ಲಿ ಪುಡಿಯಾದ ಅದಿರನ್ನು ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುತ್ತಿದ್ದದ್ದು ಅದಕ್ಕೇ. ಅದೇ ಗುಣ ಹಿತ್ತಾಳೆಗೆ ಮುಳುವು. ಹಳೇ ತೋಟಾಗಳ ಕೇಪಿನಲ್ಲಿ ಪಾದರಸದ ಫಲ್ಮಿನೇಟ್ ಇರುತ್ತಿತ್ತು. ಒಂದು ಸಲ ಹಾರಿಸಿದರೆ ಬಿಡುಗಡೆಯಾದ ಪಾದರಸ ಹಿತ್ತಾಳೆಯೊಳಗೆ ಇಳಿದು ಅದನ್ನು ಪೆಡಸು ಮಾಡುತ್ತದೆ. ಹೊರಗೆ ಫಳಫಳ ಹೊಳೆಯುವ ಅಂಥ ಚಿಪ್ಪನ್ನು ಮತ್ತೆ ತುಂಬುವವರು ಅಪಾಯವನ್ನೇ ತುಂಬುತ್ತಿರುತ್ತಾರೆ.

ಹಳೇ ಕೇಪಿನ ಇನ್ನೊಂದು ಕಾಟ ಉಪ್ಪು. ಪೊಟ್ಯಾಸಿಯಂ ಕ್ಲೋರೇಟ್ ಉರಿದು ನಳಿಗೆಯೊಳಗೆ ಉಳಿಸುವ ಉಪ್ಪು ಗಾಳಿಯ ತೇವ ಹೀರಿ ರಾತ್ರೋರಾತ್ರಿ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಅದು ಕರಗದು. ಹಿಂದಿನ ಶಿಕಾರಿಗಳು ಬೇಟೆಯಿಂದ ಬಂದೊಡನೆ ನಳಿಗೆಗೆ ಕುದಿಯುವ ನೀರು ಹೊಯ್ಯುತ್ತಿದ್ದದ್ದು ಇದಕ್ಕಾಗಿ, ಎಣ್ಣೆ ಆಮೇಲೆ.

ಹೈದರಾಲಿ ಹುಟ್ಟಿದ ಬೂದಿಕೋಟೆ ಇರುವುದು ಬಂಗಾರಪೇಟೆ ತಾಲ್ಲೂಕಿನಲ್ಲೇ. ಆತನ, ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಸಿಕ್ಕವು. ಅವುಗಳಲ್ಲಿದ್ದದ್ದು ಕರಿಮದ್ದು. ಉರಿದ ಮೇಲೆ ಅರ್ಧದಷ್ಟು ಹೊಗೆ, ಮಸಿಯಾಗಿಯೇ ಉಳಿಯುವ ಮದ್ದು ಅದು. ಕರಿಮದ್ದಿಗೆಂದು ಮಾಡಿದ, ಮೈಮೇಲೆ ಅಲೆಯಲೆ ಗೆರೆಯಿರುವ ಡಮಾಸ್ಕಸ್ ನಳಿಗೆಯ ಕೋವಿಗೆ ಈಗಿನ ತೋಟಾ ಹಾಕಿದರೆ ನಳಿಗೆ ಸಿಡಿದೀತು.

ತೋಟಾ ಹಾರಲಿಲ್ಲವೆಂದು ತಕ್ಷಣ ಕೋವಿ ಬಿಚ್ಚಬೇಡಿ. ಹಳೇ ಮದ್ದು ಒಮ್ಮೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಯಾರೂ ಇಲ್ಲದ ಕಡೆಗೆ ನಳಿಗೆಯ ಬಾಯಿ ತಿರುಗಿಸಿಕೊಂಡು ಕಾಯಬೇಕು. ಅಜ್ಜನ ಕಾಲದ ಡಬ್ಬಿಯ ತೋಟಾವನ್ನಂತೂ ಹಾರಿಸಿ ನೋಡುವ ಆಸೆಯೇ ಬೇಡ.

ಕೈಯಿಂದ ತೋಟಾ ತುಂಬುವುದು ಅಮೆರಿಕದಲ್ಲಿ ಹವ್ಯಾಸ, ಲೈಸೆನ್ಸ್ ಇಲ್ಲದೆ ತುಂಬಿದರೆ ಇಲ್ಲಿ ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾದ ಬಿಡಿಭಾಗವೂ ಅದನ್ನು ಮಾಡುವ ಯಂತ್ರವೂ ‘ಮದ್ದುಗುಂಡು’ ಎಂಬ ಲೆಕ್ಕಕ್ಕೇ ಬರುತ್ತವೆ. ತಯಾರಿಕೆಗೆ ಬೇರೆಯೇ ಲೈಸೆನ್ಸ್ ಬೇಕು. ಕೋವಿಯ ಲೈಸೆನ್ಸ್ ಇದೆಯೆಂದು ಮನೆಯಲ್ಲಿ ತೋಟಾ ತುಂಬುವ ಹಾಗಿಲ್ಲ. ಈ ಬಿಗಿ ಸರಿ ಎಂದೇ ನನ್ನ ಎಣಿಕೆ.

‘ಹಳೇದು, ಪುರಾತನ ವಸ್ತು, ಲೈಸೆನ್ಸ್ ಯಾಕೆ?’ ಎನ್ನುವವರು ಹಲವರು. ವಯಸ್ಸಾದ ಮಾತ್ರಕ್ಕೆ ಕೋವಿಯನ್ನು ಹೊತ್ತೊಯ್ಯಲು, ಹಾರಿಸಲು ವಿನಾಯಿತಿ ಸಿಗದು. ರಿಪೇರಿ ಮಾಡಿದರೂ ಹಾರಿಸಲು ಬಾರದಂಥ ಕೋವಿಯಾದರೆ ಕಾಯ್ದೆಯ 45ನೇ ಕಲಮು ನೆರವಿಗೆ ಬರುತ್ತದೆ.

ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ನಿಗದಿತ ಕೋವಿಗಳಿಗೆ ಲೈಸೆನ್ಸಿನಿಂದ ವಿನಾಯಿತಿಯಿದೆ. 2019ರ ಅಧಿಸೂಚನೆ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು.

ಗೋಡೆಯ ಮೇಲಿನ ಚಿರತೆಯ ತಲೆಗೆ ಕೋವಿಯ ಲೈಸೆನ್ಸ್ ಸಾಲದು. 1972ರ ವನ್ಯಜೀವಿ ಕಾಯ್ದೆಯಂತೆ ಅದಕ್ಕೆ ಬೇರೆ ಪ್ರಮಾಣಪತ್ರ ಬೇಕು. ಇಂಥ ತಲೆಗಳು ಎಷ್ಟಿದ್ದಾವು? ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆಯೊಂದೇ ಹದ ಮಾಡಿದ ಹುಲಿ, ಚಿರತೆಗಳ ಸಂಖ್ಯೆ 43,000 ದಾಟುತ್ತದೆ. ರೈಫಲ್ಲಿನ ಅಂದವನ್ನು ಕೊಂಡಾಡುವಾಗಲೂ ಈ ಲೆಕ್ಕ ನನ್ನನ್ನು ಕಾಡುತ್ತದೆ. ಇವತ್ತು ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ಆನೆ ಹೊಲಕ್ಕಿಳಿದರೆ ಕರೆಯಬೇಕಾದ್ದು ಅರಣ್ಯ ಇಲಾಖೆಯವರನ್ನು.

ಮಾರಿಕುಪ್ಪಂ ಇರುವುದು ಕೋಲಾರ ಜಿಲ್ಲೆಯಲ್ಲಿ, ಆದರೆ ಪೊಲೀಸ್ ಲೆಕ್ಕಕ್ಕೆ ಕೆಜಿಎಫ್ ಬೇರೆಯೇ ಜಿಲ್ಲೆ, ಅದಕ್ಕೆ ತನ್ನದೇ ಎಸ್ಪಿ. ಲೈಸೆನ್ಸಿದ್ದ ಹಿರಿಯರು ತೀರಿಕೊಂಡು ಕೋವಿ ಮನೆಯಲ್ಲೇ ಉಳಿದಿದ್ದರೆ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಪಡೆದ ಕೋವಿ ಅಂಗಡಿಯಲ್ಲೋ ಒಪ್ಪಿಸಿ ರಸೀತಿ ಪಡೆಯಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿನಲ್ಲಿ ಲೈಸೆನ್ಸ್ ಕೇಳಬಹುದು. 2016ರ ನಿಯಮಗಳ ಪ್ರಕಾರ, ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ಅವರು ಬದುಕಿರುವಾಗಲೇ ಮಕ್ಕಳ ಹೆಸರಿಗೆ ಕೊಡಿಸಲು ಅರ್ಜಿ ಹಾಕಬಹುದು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರೊಳಗೇ.